ಎರಡೂ ತುದಿಗೆ ಹಚ್ಚಿದ ಊದಬತ್ತಿ

ಒಗಟುಗಳ ಲೋಕದಲ್ಲಿ ಯಾರ ಬಳಿಯೂ ಗಡಿಯಾರ ಇರುವುದಿಲ್ಲ, ಗಮನಿಸಿದ್ದೀರಾ? ಒಂದು ತಾಸು ಉರಿಯುವ ಹಗ್ಗ ಕೊಟ್ಟು ಅರ್ಧ ತಾಸು ಅಳೆದು ತೋರಿಸು ಅನ್ನುತ್ತಾರೆ. ಪಕ್ಕದ ಮನೆಗೆ ಹೋಗಿ ಟೈಮ್ ಕೇಳಿ ಬರಬಾರದಂತೆ! ಹಗ್ಗ ಒಂದೇ ಸಮ ಉರಿಯದು, ಆದ್ದರಿಂದ ನಡುವೆ ಗುರುತು ಹಾಕಿ ಉಪಯೋಗವಿಲ್ಲ. ಎರಡೂ ತುದಿಗೆ ಬೆಂಕಿ ಹಚ್ಚಬೇಕು. ಎರಡು ಬೆಂಕಿ ಕೂಡಿದಾಗ ಸರಿಯಾಗಿ ಅರ್ಧ ತಾಸು. ಎಪ್ಪತ್ತರ ದಶಕದಲ್ಲಿ ಇಂಡಿ ಊರಿನ ಶಾಲೆಯಲ್ಲಿ ಮಾಸ್ತರನಾಗಿದ್ದ ನಾನು ಈ ಒಗಟು ಹೇಳಿ ಎಷ್ಟು ಜನರ ತಲೆ ತಿಂದೆನೋ, ದೇವರೇ ಬಲ್ಲ.

ಒಂದು ಬೇಸಿಗೆಯಲ್ಲಿ ಅದು ನನ್ನ ತಲೆಯನ್ನೇ ತಿನ್ನಲು ಬಂತು. ಹೊರ್ತಿಯಲ್ಲಿ ನಮ್ಮ ಚನ್ನಪ್ಪ ಕಾಕಾ ಲಿಂಬಿ ಗಿಡಗಳಿಗೆಂದು ಬಾವಿ ತೋಡಿಸುತ್ತಿದ್ದ. ಬಂಡೆ ಸಿಡಿಸಲು ಮೋರಟಗಿಯಿಂದ ಹುಸೇನಸಾಬ ಬಂದಿದ್ದ. ಸಂಜೆ ಅವನು ನಾಲ್ಕು ತೂತಿಗೆ ಮದ್ದು ತುಂಬಿ, ಬತ್ತಿ ಹಚ್ಚಿ, ಮೇಲೆ ಹತ್ತಿ ಓಡಿ ಬಂದು ನಮ್ಮ ಜೊತೆ ದೂರದ ಬೇವಿನ ಮರದ ಹಿಂದೆ ಕುಳಿತ. ಢಂ. ಢಂ. ಢಂ. ಅಷ್ಟೇ. ನಾಲ್ಕನೆಯ ಸದ್ದು ಬರಲಿಲ್ಲ.

ಎರಡು ಒಟ್ಟಿಗೇ ಸಿಡಿದಿರಬಹುದು. ಒಂದು ಬತ್ತಿ ಒಳಗೊಳಗೇ ಉರಿಯುತ್ತಿರಲೂಬಹುದು. ಹೀಗಾದರೆ ಅರ್ಧ ತಾಸು ಬಾವಿಗೆ ಇಳಿಯಬಾರದು ಎಂಬುದು ಅವರ ಕಸುಬಿನ ಕಟ್ಟಳೆ. ಹಿಂದಿನವರು ತೂತಿನ ಬಟ್ಟಲನ್ನು ನೀರಿನಲ್ಲಿ ತೇಲಿಬಿಟ್ಟು, ಅದು ಮುಳುಗಿದರೆ ಒಂದು ಗಳಿಗೆ ಎಂದು ಮುಹೂರ್ತ ಹಿಡಿಯುತ್ತಿದ್ದರಂತೆ. ಬಟ್ಟಲು ತಪ್ಪಿದರೆ ಮದುವೆ ತುಸು ಆಚೀಚೆ, ಅಷ್ಟೇ. ಇಲ್ಲಿ ತಪ್ಪಿದರೆ ಹುಸೇನಸಾಬನ ಜೀವ. ಮಾವ ಕೊಟ್ಟ ಕೈಗಡಿಯಾರಕ್ಕೆ ನಾನು ಪ್ರೀತಿಯಿಂದ ಕೀಲಿ ಕೊಟ್ಟು ಕೊಟ್ಟು ಕೆಡಿಸಿ ರಿಪೇರಿಗೆ ಹಾಕಿದ್ದೆ. ಬೇರೆ ಯಾರ ಬಳಿಯೂ ಗಡಿಯಾರವಿರಲಿಲ್ಲ; ಮೋಡ ಮುಸುಕಿ ಸೂರ್ಯನೂ ಕಾಣುತ್ತಿರಲಿಲ್ಲ.

"ಭಾಳ ಹೊತ್ತಾತಲ್ಲೋ, ಇಳದು ನೋಡು. ನಾಳೆ ನೀ ಬ್ಯಾರೆ ಕೆಲಸಕ್ಕ ಬಾಗೇವಾಡಿಗೆ ಹೊಂಟಿ," ಎಂದು ಕಾಕಾ ಶುರು ಹಚ್ಚಿದ. ಹುಸೇನಸಾಬ ಹಗ್ಗ ಹಿಡಿದು ಎದ್ದೇಬಿಟ್ಟ.

"ತಡೀರಿ!" ಎಂದೆ. ಬಾವಿಯ ಪೂಜೆಗೆ ತಂದ ಊದಬತ್ತಿ ಉಳಿದಿತ್ತು. ಒಂದು ತಾಸು ಉರಿಯುತ್ತದೆಂದು ಸಿಂದಗಿಯ ಅಂಗಡಿಯವ ಆಣೆ ಮಾಡಿ ಕೊಟ್ಟಿದ್ದ. ಬರಿ ಕಡ್ಡಿಯನ್ನು ಮುರಿದೆಸೆದು, ಉಳಿದದ್ದನ್ನು ಎರಡು ಕಲ್ಲಿನ ಮೇಲೆ ಅಡ್ಡ ಇಟ್ಟು ಎರಡೂ ತುದಿಗೆ ಹಚ್ಚಿದೆ. ಗಾಳಿ ಬೀಸಿದರೆ ಕೆಂಡ ಓಡುತ್ತಿತ್ತು. ಧೋತರ ಅಡ್ಡ ಹಿಡಿದರೆ ಮಂಕಾಗುತ್ತಿತ್ತು. ಒಗಟಿನೊಳಗೆ ಗಾಳಿಯೇ ಬೀಸುವುದಿಲ್ಲ ನೋಡಿ. ಅಷ್ಟರಲ್ಲಿ ಹುಸೇನಸಾಬನ ಹೆಂಡತಿ ಮಾಬೂಬಿ ಬಿಡಾರದಿಂದ ಬುತ್ತಿ ಹೊತ್ತು ಬಂದಳು. ಸಂಗತಿ ಕೇಳಿ, ಆ ಎರಡು ಕೆಂಡಗಳನ್ನೇ ನೋಡುತ್ತ ಕುಳಿತಳು.

ಕೆಂಡಗಳು ಕೂಡಿದವು. "ಆತು, ಅರ್ಧ ತಾಸು!" ಎಂದು ಘೋಷಿಸಿದೆ.

"ಖಾತ್ರಿ ಐತೇನ್ರಿ, ಮಾಸ್ತರ?" ಎಂದಳು ಮಾಬೂಬಿ.

"ಲೆಕ್ಕ ತಪ್ಪೂದಿಲ್ಲವ್ವ."

"ಹಂಗಾದ್ರ ಮೊದಲ ನೀವ ಇಳೀರಿ."

ನಾನು ಬಾವಿಯ ಕಡೆ ನೋಡಿದೆ. ಅಂಗಡಿಯವನ ಮುಖ ನೆನಪಾಯಿತು. ಇಂಥದ್ದೇ ಆಣೆ ಮಾಡಿ ಅವನು ಮಾರಿದ ಛತ್ರಿ ಮೊದಲ ಮಳೆಗೇ ಸೋರಿತ್ತು. ಲೆಕ್ಕ ಸರಿ ಎಂದು ತಲೆ ಹೇಳುತ್ತಿತ್ತು, ಕಾಲು ಮಾತ್ರ ಕೇಳಲೊಲ್ಲದು. "ನಾಳೆ ಮುಂಜಾನಿ ನೋಡೋಣ್ರಿ," ಎಂದೆ. ನಾಚಿಕೆಯಾಯಿತು; ಅದಕ್ಕಿಂತ ಹೆಚ್ಚಾಗಿ ಮನಸ್ಸು ಹಗುರಾಯಿತು. ಹುಸೇನಸಾಬ ಹಗ್ಗ ಕೆಳಗಿಟ್ಟು ಬುತ್ತಿ ಬಿಚ್ಚಿದ.

ಮರುದಿನ ಅವನು ಇಳಿದು ನೋಡಿದರೆ ನಾಲ್ಕೂ ಸಿಡಿದಿದ್ದವು.

"ನಾ ನಿನ್ನೇನ ಹೇಳಿದ್ದಿಲ್ಲೇನ? ಸುಮ್ಮನ ಹೊತ್ತ ಹಾಳ ಮಾಡಿದ್ರಿ!" ಎಂದು ಕಾಕಾ ಮೇಲಿನಿಂದ ಕೂಗಿದ.

ಕೆಳಗಿನಿಂದ ಹುಸೇನಸಾಬನ ದನಿ ಬಂತು: "ಖರೇರಿ, ಗೌಡ್ರ. ಆದ್ರ ನಿನ್ನೆ ಯಾರಿಗೆ ಗೊತ್ತಿತ್ರಿ?"