ಠಾಣೆಗೆ ಹೋದ ಕುರಿಗಳು

ಗೆಳೆಯರೇ, ಇವತ್ತು ಮಾನ್ವಿಯಲ್ಲಿ ಒಂದು ಹಿಂಡು ಕುರಿ ಪೊಲೀಸ್ ಠಾಣೆಗೆ ಹೋಯಿತು. ಯಾರೂ ಹಿಡಿದುಕೊಂಡು ಹೋಗಲಿಲ್ಲ, ತಾವಾಗಿಯೇ ಹೋದವು.

ಅರಕೇರಾ ಕಡೆಯ ಕುರಿ ಕಾಯುವ ಅಜ್ಜನೊಬ್ಬನ ಹಿಂಡು ನಡುರಸ್ತೆಯಲ್ಲಿ ನಿಂತುಬಿಟ್ಟಿತ್ತು. ಎರಡೂ ಕಡೆ ಭತ್ತದ ಲಾರಿಗಳ ಹಾರ್ನ್. ನೆಗಡಿಯಿಂದ ಅಜ್ಜನ ಗಂಟಲು ಕಟ್ಟಿತ್ತು, ಕೂಗಿದರೆ ಬರೀ ಗಾಳಿ ಬರುತ್ತಿತ್ತು. ಎರಡು ಮರಿಗಳು ಲಾರಿಯ ಗಾಲಿಯ ಪಕ್ಕದಲ್ಲೇ ಇದ್ದವು. ಅಲ್ಲಿದ್ದ ಕಾನ್‌ಸ್ಟೆಬಲ್ ಒಬ್ಬ ಸೀಟಿ ಊದಿದ. ಕುರಿಗಳು ಇನ್ನಷ್ಟು ಬೆದರಿದವು.

“ಯಪ್ಪಾ, ನಿನ್ನ ಕಂಬಳಿ ಕೊಡು. ನಾನೂ ಕುರಿ ಕಾಯ್ದಾಂವ ಅದೀನಿ,” ಎಂದ ಕಾನ್‌ಸ್ಟೆಬಲ್.

ಖಾಕಿಯ ಮೇಲೆ ಕಂಬಳಿ ಹೊದ್ದು “ಟ್ರುರ್ರ್” ಎಂದು ಕರೆಯುತ್ತ ಮುಂದೆ ನಡೆದ. ಮರಿಗಳ ಸಮೇತ ಹಿಂಡು ರಸ್ತೆ ದಾಟಿತು. ಜನ ಚಪ್ಪಾಳೆ ತಟ್ಟಿದರು. ಆ ಖುಷಿಯಲ್ಲಿ ಅವನು ಕಂಬಳಿ ವಾಪಸ್ ಕೊಡುವುದನ್ನೇ ಮರೆತು ನೆಟ್ಟಗೆ ಠಾಣೆಗೆ ನಡೆದ. ಹಿಂಡೂ ನಡೆಯಿತು.

ಸಾಹೇಬರು ಹೊರಬಂದಾಗ ಕುರಿಗಳು ಠಾಣೆಯ ದಾಸವಾಳದ ಗಿಡಕ್ಕೆ ಬಾಯಿ ಹಾಕಿದ್ದವು.

“ಯಾವ ಕೇಸಿನ್ಯಾಗ ಹಿಡಕೊಂಡು ಬಂದೀಪಾ ಇವರ್ನೆಲ್ಲಾ?”

ಹಿಂದೆಯೇ ಓಡಿಬಂದ ಅಜ್ಜ ಪಿಸುಗುಟ್ಟಿದ: “ಅವು ಪೊಲೀಸಪ್ಪನ ಹಿಂದ ಬಂದಿಲ್ರಿ ಸಾಹೇಬ್ರ, ನನ್ನ ಕಂಬಳಿ ಹಿಂದ ಬಂದಾವ.”

ಅಜ್ಜ ಕಂಬಳಿ ಹೊದ್ದು ಹೊರಟರೂ ದಾಸವಾಳದ ರುಚಿ ಕಂಡ ಕುರಿಗಳು ಕದಲಲಿಲ್ಲ. ಕೊನೆಗೆ ಕಾನ್‌ಸ್ಟೆಬಲ್ಲೇ ಒಂದು ಟೊಂಗೆ ಮುರಿದು ಹಿಡಿದು, ಊರಾಚೆಯ ಕಾಲುವೆಯವರೆಗೆ ಕರೆದೊಯ್ದು ಬಿಟ್ಟುಬಂದ.

ಪೊಲೀಸ್ ಠಾಣೆಯಿಂದ ಹೋಗುವುದೇ ಇಲ್ಲ ಎಂದು ಹಟ ಹಿಡಿದವರನ್ನು ನಾನಂತೂ ಇವತ್ತೇ ಕಂಡಿದ್ದು.