ಪೊರಕೆ ಪಾಸು ಮಾಡಿದ ಮೆಷಿನ್

ಅವತ್ತು ಮನೆಗೆ ಹೊಸ ಪೊರಕೆ ಬಂದಿತ್ತು. ಬೇರೆ ವಿಶೇಷ ಏನೂ ಇರಲಿಲ್ಲ.

ಅವಳ ಗಂಡ ರೆಕಾರ್ಡ್ ಪ್ಲೇಯರ್ ರಿಪೇರಿ ಮಾಡುತ್ತಿದ್ದ. ಮನೆಯ ಮುಂದಿನ ಕೋಣೆಯೇ ಅಂಗಡಿ. ವೇಗ ಅಳೆಯುವ ಮೀಟರ್ ಇತ್ತು. ಆದರೆ ಮೀಟರ್ ಸರಿ ಅಂದಮೇಲೂ ಮೆಷಿನ್ ಹೊಸಿಲು ದಾಟುತ್ತಿರಲಿಲ್ಲ. ಹಾಡು ಹಾಕಿ, ಗುಡಿಸು ಅಂತ ಅವಳಿಗೆ ಹೇಳುತ್ತಿದ್ದ. ಕೈ ತಾನಾಗಿ ಹಾಡಿನ ಜೊತೆ ಆಡಿದರೆ ಮೆಷಿನ್ ಪಾಸು. ಎಡವಿದರೆ ಮತ್ತೆ ಬಿಚ್ಚುವುದೇ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಊರಿನ ಮೆಷಿನ್‌ಗಳಿಗೆಲ್ಲ ಪರೀಕ್ಷೆ ಇಡುತ್ತಿದ್ದಳು.

ಅವತ್ತು ಮೇಜಿನ ಮೇಲಿದ್ದದ್ದು ಕುಣಿತ ಕಲಿಸುವ ಟೀಚರಮ್ಮನ ಮೆಷಿನ್. ಸಂಜೆ ಅವರ ಹತ್ತಿರ ಕಲಿಯುವ ಮಕ್ಕಳು ಜನರೆದುರು ಕುಣಿಯಬೇಕಿತ್ತು. ಎರಡು ವಾರದಿಂದ ಹೆಜ್ಜೆ ತಪ್ಪಿ ಬೈಸಿಕೊಳ್ಳುತ್ತಿದ್ದವು. ತಪ್ಪು ಮಕ್ಕಳದಲ್ಲ, ಹಾಡೇ ಎಳೆಯುತ್ತಿದೆ ಅಂತ ಟೀಚರಮ್ಮನಿಗೆ ಹೊಳೆದದ್ದು ತಡವಾಗಿ. ಗಂಡ ಸಡಿಲಾದ ರಬ್ಬರ್ ಬೆಲ್ಟ್ ಕಳಚಿ ಹೊಸದು ಹಾಕಿದ. ಅವಳು ಗುಡಿಸಿದಳು. ಕೈ ಎಡವಿತು.

ಮತ್ತೆ ಬಿಚ್ಚಿದ, ಎಣ್ಣೆ ಬಿಟ್ಟ. ಹಾಡು ಮುಂದೆ, ಪೊರಕೆ ಹಿಂದೆ. ಮೂರನೇ ಸಲ ಬಿಚ್ಚಿ ಕಟ್ಟುವ ಹೊತ್ತಿಗೆ ಊಟ ಆರಿ ತಣ್ಣಗಾಗಿತ್ತು, ಟೀಚರಮ್ಮ ಬಾಗಿಲಲ್ಲಿ ನಿಂತಿದ್ದರು, ಗಂಡನದು ಹರಳೆಣ್ಣೆ ಕುಡಿದ ಮುಖ. ಆಗ ಅವಳ ಕೈ ನೋಡಿದ.

"ಲೇ, ಇದ್ಯಾವ ಪೊರಕೆನೇ?"

"ಹೊಸದು ರೀ. ಹಳೇದು ಹಿತ್ತಲಿಗೆ ಬಿಸಾಕಿದೆ."

ಎದ್ದು ಓಡಿದ. ಸವೆದ ಮೋಟು ಪೊರಕೆಯನ್ನು ಕೂಸಿನ ಹಾಗೆ ಎತ್ತಿಕೊಂಡು ಬಂದ. ಹೊಸದು ಉದ್ದ, ಭಾರ; ಕೈ ಹಿಂದೆ ಬೀಳುತ್ತಿತ್ತು. ಹಳೆಯದು ಹಿಡಿದದ್ದೇ ತಡ, ಕೈಯೂ ಹಾಡೂ ಹಾಲು ಸಕ್ಕರೆ. ಟೀಚರಮ್ಮ ನಿಂತಲ್ಲೇ ಕಾಲು ಕುಟ್ಟಿದರು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಅಂದ ಗಂಡ.

"ನಾನು ಬಾಯಿ ಬಿಟ್ನಾ? ಸರಿಯಿರೋದನ್ನ ಬಿಚ್ಚಿ ಕೂತ ಜಾಣ ಯಾರು?"

ಸಂಜೆ ಇಬ್ಬರೂ ಕುಣಿತ ನೋಡಲು ಹೋದರು. ಒಂದು ಮಗುವೂ ಹೆಜ್ಜೆ ತಪ್ಪಲಿಲ್ಲ. ಪೊರಕೆ ನೆನೆದು ದಾರಿಯುದ್ದಕ್ಕೂ ನಕ್ಕರು.

ರಾತ್ರಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ.

ಈಗ ಅಂಗಡಿ ನೋಡಿಕೊಳ್ಳುವುದು ಮೈದುನ. ಅವನಿಗೆ ಮೀಟರೇ ದೇವರು. ಆದರೂ "ಅತ್ತಿಗೆ, ಒಂದು ಸಲ ಗುಡಿಸಿಬಿಡಿ" ಅನ್ನದೆ ಯಾವ ಮೆಷಿನನ್ನೂ ಕೊಡುವುದಿಲ್ಲ. ಹೊಸ ಪೊರಕೆ ಒಳಗಿನ ಕೋಣೆಗಳಿಗೆ. ಅಂಗಡಿಗೆ ಹಳೆಯದೇ. ಕಡ್ಡಿ ಉದುರದಿರಲಿ ಅಂತ, ಗಂಡ ಅವತ್ತು ಕಳಚಿದ ರಬ್ಬರ್ ಬೆಲ್ಟನ್ನೇ ಅದಕ್ಕೆ ಸುತ್ತಿದ್ದಾಳೆ. ದಿನಾ ಬೆಳಿಗ್ಗೆ ಬಾಗಿಲು ತೆಗೆದು, ಹಾಡು ಹಾಕಿ, ಬಗ್ಗಿ ಗುಡಿಸುತ್ತಾಳೆ.