ಬೀಡಾ ಅಂಗಡಿಗಳ ಪಟ್ಟಿ ಮತ್ತು ನನ್ನ ಅಟ್ಟದ ಕೊಬ್ಬರಿ

ನಮ್ಮ ವಾಟ್ಸಾಪ್ ಗುಂಪಿನಲ್ಲಿರುವವರೆಲ್ಲ ಊಟ ಬಿಟ್ಟರೂ ಬೀಡಾ ಬಿಡದವರು. ತಿಪಟೂರಿನ ಯಾವ ಅಂಗಡಿಯ ಬೀಡಾ ಚೆನ್ನ ಎಂದು ಜಗಳವಾಡಿ ಸಾಕಾಗಿ, ಒಂದರಿಂದ ಏಳರವರೆಗೆ ಪಟ್ಟಿ ಮಾಡಿ ವಾರಕ್ಕೊಮ್ಮೆ ತಿದ್ದುವುದೆಂದು ತೀರ್ಮಾನವಾಯಿತು. ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದು ಮೀಸೆ ನರೆತ ಮೇಲೆ. ಕಲಿತ ಅಕ್ಷರ ಉಪಯೋಗಕ್ಕೆ ಬರಲಿ ಎಂದು ಒಪ್ಪಿಕೊಂಡೆ. ಒಂದೇ ಬೆರಳಲ್ಲಿ ಒತ್ತುತ್ತೇನೆ. ಏಳು ಹೆಸರು ಮುಗಿಯುವಷ್ಟರಲ್ಲಿ ನಮ್ಮ ಹೊನ್ನವಳ್ಳಿಯಲ್ಲಿ ಹತ್ತಿದ ಬಸ್ಸು ತಿಪಟೂರು ಮುಟ್ಟಿರುತ್ತದೆ.

ಅಂಗಡಿ ಅಳೆಯುವ ಕ್ರಮ ಮಾತ್ರ ನಮ್ಮ ಕೊಬ್ಬರಿ ಮಾರುಕಟ್ಟೆಯದೇ. ಅಲ್ಲಿ ಚೀಲದಿಂದ ಒಂದು ಕೊಬ್ಬರಿ ತೆಗೆದು, ಒಡೆದು, ಮೂಸಿ, ಇಡೀ ರಾಶಿ ಎಂಥದ್ದು ಎಂದು ಹೇಳಿಬಿಡುತ್ತಾರೆ. ನಾವೂ ಹಾಗೆ, ಒಂದು ಬೀಡಾ ತಿಂದು ಅಂಗಡಿಯ ಹಣೆಬರಹ ಬರೆಯುತ್ತಿದ್ದೆವು.

ಬಸ್ ನಿಲ್ದಾಣದ ಪಕ್ಕದ ಅಕ್ಕನ ಅಂಗಡಿ ಮೊದಲಿನಿಂದಲೂ ಒಂದನೇ ಸ್ಥಾನದಲ್ಲಿತ್ತು. ಕಳೆದ ಮಳೆಗಾಲದಲ್ಲಿ ರುಚಿ ನೋಡಲು ಹೋಗಿದ್ದ ಗೆಳೆಯ ಗುಂಪಿಗೆ ವಾಯ್ಸ್ ಮೆಸೇಜ್ ಹಾಕಿದ: “ಲೇ, ಸ್ವೀಟ್ ಬೀಡಾದೊಳ್ಗೆ ಕೊಬ್ಬರಿ ತುರಿ ಮುಗ್ಗಲು ಹಿಡ್ದೈತೆ ಕಣ್ಲಾ. ತಿಪಟೂರಲ್ಲಿ ಕೂತ್ಕೊಂಡು ಇಂಥ ಕೊಬ್ಬರಿ ತಿನ್ನಿಸ್ತಾರೆ ಅಂದ್ರೆ!”

ಎಲೆ, ಸುಣ್ಣ, ಗುಲ್ಕನ್ ಹೇಗಿದ್ದವು ಎಂದು ಯಾರೂ ಕೇಳಲಿಲ್ಲ. ನಮ್ಮವರಿಗೆ ಕೊಬ್ಬರಿ ಕೆಟ್ಟರೆ ಎಲ್ಲಾ ಕೆಟ್ಟ ಹಾಗೆ. ಅಕ್ಕನನ್ನು ಏಳಕ್ಕೆ ಇಳಿಸಿದೆ. ಪಟ್ಟಿ ಗುಂಪಿನಿಂದ ಗುಂಪಿಗೆ ಹಾರಿ ಊರೆಲ್ಲ ಹರಡಿತು.

ಎರಡು ದಿನ ಬಿಟ್ಟು ಹೋದರೆ ಅಕ್ಕ ಎಲೆ ಒರೆಸುತ್ತಾ ತಲೆಯನ್ನೇ ಎತ್ತಲಿಲ್ಲ.

“ಏಳನೇ ನಂಬರ್ ಅಂಗ್ಡಿಗೆ ಯಾಕಣ್ಣ ಬಂದ್ರಿ? ಮೇಲೆ ಆರು ಅವೆಯಲ್ಲ.”

“ಬೇಜಾರ್ ಮಾಡ್ಕೋಬ್ಯಾಡಿ ಕಣಕ್ಕ. ಕೊಬ್ಬರಿ ವಾಸ್ನೆ ಇತ್ತಂತೆ.”

“ಇತ್ತು. ಆಮೇಲೆ ಗೊತ್ತಾಗಿ ಎಲ್ಲಾ ಚೆಲ್ದೆ. ಬಂದೋರೆಲ್ಲ ಫೋನ್ ತೋರ್ಸಿ ನಗ್ತಾವ್ರೆ, ಎಲೆ ಖರ್ಚಾಗ್ದೆ ಬಾಡ್ತಾ ಐತೆ. ಆ ಕೊಬ್ಬರಿ ಯಾರ ಅಟ್ಟದ್ದು ಅಂತ ನಿಮ್ ಪಟ್ಟೀಲಿ ಬರೆದ್ರಾ?”

ಆಗ ಹೊಳೆಯಿತು. ಹಿಂದಿನ ವಾರ ‘ನಮ್ಮ ತೋಟದ್ದೇ ಅಕ್ಕ, ಇಟ್ಕೊಳ್ಳಿ’ ಎಂದು ಹತ್ತು ಉಂಡೆ ಕೊಬ್ಬರಿ ಕೊಟ್ಟವನು ನಾನೇ. ಅಟ್ಟದಲ್ಲಿ ಒಣಗಿಸಿದ್ದರಲ್ಲಿ ಒಳ್ಳೆಯದನ್ನೆಲ್ಲ ಮಾರುಕಟ್ಟೆಗೆ ಕಳಿಸಿ, ಹೆಂಚು ಸೋರುವ ಮೂಲೆಯಲ್ಲಿ ಉಳಿದದ್ದನ್ನು ತಂದಿದ್ದೆ.

ಸುಮ್ಮನೆ ಅವರನ್ನು ಮೇಲೇರಿಸಿದರೆ ಗುಂಪು ಕಾರಣ ಕೇಳುತ್ತದೆ. ಕಾರಣ ಹೇಳಿದರೆ ನನ್ನ ಕೊಬ್ಬರಿಯ ಹೆಸರು ಹೋಗುತ್ತದೆ. ನಮ್ಮ ಕಡೆ ಮಗ ಫೇಲಾದ ಎಂದಾದರೂ ಹೇಳಿಕೊಂಡಾರು, ಅಟ್ಟದ ಕೊಬ್ಬರಿ ಕೆಟ್ಟಿತು ಎಂದು ಯಾರೂ ಬಾಯಿ ಬಿಡುವುದಿಲ್ಲ.

ಅಂಗಡಿ ಮುಂದಿನ ಕಲ್ಲಿನ ಮೇಲೆ ಕೂತು ಒತ್ತತೊಡಗಿದೆ. ನಾನು ಟೈಪ್ ಮಾಡುತ್ತಿರುವುದು ಎಲ್ಲರ ಫೋನಿನಲ್ಲೂ ಕಾಣುತ್ತಿತ್ತು.

“ಏನ್ಲಾ ಬರೀತಾ ಇದೀಯಾ, ಪುರಾಣನಾ?” ಎಂದು ಒಬ್ಬ ಹಾಕಿದ.

“ಬುಡ್ಲಾ, ಅವ್ನಿನ್ನೂ ಒತ್ತಕ್ಷರ ಹುಡುಕ್ತಾವ್ನೆ” ಎಂದು ಇನ್ನೊಬ್ಬ.

ಕೊನೆಗೆ ಕಳಿಸಿದೆ: ‘ಮುಗ್ಗಲು ಕೊಬ್ಬರಿ ನನ್ನದು. ಅಕ್ಕನ ಅಂಗಡಿ ಮತ್ತೆ ಒಂದಕ್ಕೆ.’

ಗುಂಪಿನಲ್ಲಿ ನಗುವ ಮುಖಗಳ ಸುರಿಮಳೆ. ರುಚಿ ನೋಡಿದ್ದ ಗೆಳೆಯ, “ಹಂಗಾದ್ರೆ ಕೊಬ್ಬರಿಯೋರ್ದೂ ಒಂದು ಪಟ್ಟಿ ಮಾಡು ಕಣ್ಲಾ, ಕೊನೇಲಿ ನಿನ್ ಹೆಸ್ರು ಹಾಕು” ಎಂದ.

ಅಕ್ಕನಿಗೆ ಎಲ್ಲವನ್ನೂ ಓದಿ ಹೇಳಿದೆ. ಅವರು ಎಲೆಗೆ ಸುಣ್ಣ ಸವರುತ್ತಾ ಯೋಚಿಸಿದರು.

“ಒಂದು ಬ್ಯಾಡ ಕಣಣ್ಣ, ಎರಡಕ್ಕೆ ಹಾಕಿ. ಮೂಸಿ ನೋಡ್ದೆ ತುರಿದಿದ್ದು ನಾನೇ ಅಲ್ವಾ?”

“ಮತ್ತೆ ತಿದ್ದಬೇಕಾ ಅಕ್ಕ?”

“ತಿದ್ದಿ, ತಿದ್ದಿ. ಅಷ್ಟರಲ್ಲಿ ನಿಮ್ಗೊಂದು ಬೀಡಾ ಕಟ್ತೀನಿ.”

ಎರಡು ಎಂದು ಒತ್ತಿ ತಲೆ ಎತ್ತಿದಾಗ ಕೊಬ್ಬರಿ ತುರಿಯ ಡಬ್ಬಿ ನನ್ನ ಮೂಗಿನ ಹತ್ತಿರವೇ ಇತ್ತು.

“ಹೆದರ್ಬ್ಯಾಡಿ,” ಎಂದರು ಅಕ್ಕ, “ಇದು ನಿಮ್ ಅಟ್ಟದ್ದಲ್ಲ.”